‘ಸಾಕು’ ಪದದ ಬಹುವಚನ

ಫೆಬ್ರವರಿ 9

ಅಪ್ಪಾ,

ನಮಗೆ ಬಿಸಿಲಿನ ಕೋಣೆ ಸಿಕ್ಕಿತು, ಅತ್ತೆ ತಮ್ಮ ಆಫೀಸನ್ನೇ ಖಾಲಿ ಮಾಡಿ ನಮಗೆ ಕೊಟ್ಟುಬಿಟ್ಟರು, ಇವತ್ತು ನನಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿಲ್ಲ. ಮದುವೆಯಾದಾಗಿನಿಂದ ಹಿಂದುಗಡೆಯ ಕೋಣೆಯಲ್ಲಿದ್ದೆವಲ್ಲ, ಅಲ್ಲಿ ಬೀರುವಿನ ಬಾಗಿಲು ತೆರೆಯಬೇಕಾದರೆ ಇವರು ಮಂಚದ ಮೇಲೆ ಕಾಲು ಮಡಿಚಿ ಕೂರಬೇಕಿತ್ತು. ನಾನು ಬಟ್ಟೆ ಆರಿಸಿ ಮುಗಿಸುವಷ್ಟರಲ್ಲಿ ಅಲ್ಲೇ ಕೂತು ಮಕ್ಕಳ ಭೂಗೋಳದ ಪರೀಕ್ಷೆ ಪೇಪರುಗಳನ್ನು ತಿದ್ದಿ ಮುಗಿಸುತ್ತಿದ್ದರು. ಈಗ ಕಿಟಕಿ ಎರಡು, ಗೋಡೆಗೆ ಹೊಸ ಸುಣ್ಣ, ಕಣ್ಣು ಬಿಟ್ಟರೆ ದಿಂಬಿನ ಮೇಲೆ ಬಿಸಿಲು. ನೆಲದ ಸಂದಿಯಲ್ಲಿ ಮಾತ್ರ ಇನ್ನೂ ಗುಂಡುಸೂಜಿಗಳು ಸಿಗುತ್ತವೆ. ನಿನ್ನೆ ಇವರು ಬಾಗಿಲಲ್ಲಿ ನಿಂತು "ಅಬ್ಬಾ" ಅಂದರು. ನನ್ನ ಹೊಸ ಬಟ್ಟೆ ನೋಡಿ ಅಂದುಕೊಂಡು ನಾಚಿಕೊಂಡೆ. ಕಾಲಿಗೆ ಸೂಜಿ ಚುಚ್ಚಿತ್ತು.

ಅತ್ತೆ ಶಾಲೆಯ ಸಮವಸ್ತ್ರ ಹೊಲಿಸುವ ದೊಡ್ಡ ಟೈಲರಿಂಗ್ ಅಂಗಡಿ ನಡೆಸುತ್ತಿದ್ದರೆಂದು ನಿನಗೆ ಗೊತ್ತು. ಈ ಊರಿನ ಅರ್ಧದಷ್ಟು ಮಕ್ಕಳು ಅವರ ಕಾಲರಿನೊಳಗೆ ಕುತ್ತಿಗೆ ತೂರಿಸಿಯೇ ಬೆಳೆದದ್ದು. ಅಂಗಡಿ ಮುಳುಗುತ್ತಿತ್ತೇನೋ, ಅದಕ್ಕೇ ಬಿಟ್ಟಿರಬೇಕು ಅಂತ ನಾನು ಸುಮ್ಮನೆ ಅಂದುಕೊಂಡಿದ್ದೆ. ಅಲ್ಲವಂತೆ. ಆರ್ಡರುಗಳು ಬಾಗಿಲಲ್ಲಿ ಸಾಲು ನಿಂತಿದ್ದಾಗಲೇ, ಕಾಯಿಲೆ ಇಲ್ಲ, ಕಸಾಲೆ ಇಲ್ಲ, ಯಾರೊಂದಿಗೂ ಜಗಳವಿಲ್ಲ, ಬಟ್ಟೆ ಕತ್ತರಿಸುತ್ತಿದ್ದ ಕಟಿಂಗ್ ಅಕ್ಕನಿಗೆ ಎಲ್ಲವನ್ನೂ ಮಾರಿ ಮನೆಗೆ ಬಂದರಂತೆ. ಈಗ ವಾರಕ್ಕೆ ಮೂರು ದಿನ ಈಜು ಕಲಿಯಲು ಹೋಗುತ್ತಾರೆ. ಅರವತ್ತು ದಾಟಿದೆ. ತಲೆಯನ್ನು ನೀರಿಗೆ ಹಾಕಲು ಇನ್ನೂ ಒಪ್ಪಿಲ್ಲ, ಕುತ್ತಿಗೆಯವರೆಗೆ ಮಾತ್ರ ಈಜುತ್ತಾರೆ.

ಚೆನ್ನಾಗಿ ನಡೆಯುವುದನ್ನು ಯಾರಾದರೂ ಬಿಡುತ್ತಾರಾ ಅಪ್ಪಾ? ನನಗೆ ತಲೆಗೆ ಹುಳ ಬಿಟ್ಟಂತಾಗಿದೆ.

ಅಂದಹಾಗೆ, ಬಣ್ಣದ ಕಂಪನಿಯವರು ನಿನ್ನ ಬ್ರಷ್ ಕಾರ್ಖಾನೆಯನ್ನು ಕೊಳ್ಳುತ್ತೇವೆ ಅಂತ ಬಂದಿದ್ದರೆಂದು ಅಮ್ಮ ಫೋನಿನಲ್ಲಿ ಹೇಳಿದಳು. ಇಷ್ಟು ದೊಡ್ಡ ಸುದ್ದಿಯನ್ನು ಈರುಳ್ಳಿ ಹೆಚ್ಚುತ್ತಾ ಹೇಳಿದಳು. ನೀನು ಏನಂದೆ? ಫೋನ್ ನಿನ್ನ ಕೈಗೆ ಬಂದರೆ ಎರಡು ಸಲ "ಹೂಂ" ಅಂದು ವಾಪಸ್ಸು ಕೊಟ್ಟುಬಿಡುತ್ತೀಯ. ಕಾಗದದಲ್ಲೇ ಬರೆ, ಉದ್ದವಾಗಿ ಬರೆ.

ನಿನ್ನ ಗಿರಗಿಟ್ಲೆ


ಫೆಬ್ರವರಿ 20

ಮಗಳಿಗೆ,

ಕಾಗದ ತಲುಪಿತು. ಕೋಣೆ ಸಿಕ್ಕಿದ್ದು ಸಂತೋಷ. ಸೂಜಿಗಳಿಗೆ ಅಯಸ್ಕಾಂತಕ್ಕೆ ದಾರ ಕಟ್ಟಿ ನೆಲದ ಮೇಲೆ ಎಳೆ, ಎಲ್ಲಾ ಬರುತ್ತವೆ.

ಒಂದು ಮಾತು. ನನಗೆ "ನೀನು" ಅಂತ ಬರೆದಿದ್ದೀಯ. ನನಗೇನೂ ಬೇಜಾರಿಲ್ಲ, ಹುಟ್ಟಿದಾಗಿನಿಂದ ಹಾಗೇ ಕರೆದಿದ್ದೀಯ. ಆದರೆ ನಿನ್ನ ಕಾಗದವನ್ನು ಆ ಮನೆಯಲ್ಲಿ ಯಾರಾದರೂ ಕಂಡರೆ, ಹುಡುಗಿಗೆ ಹಿರಿಯರೊಂದಿಗೆ ಹೇಗೆ ಮಾತಾಡಬೇಕು ಅಂತಲೂ ಹೇಳಿಕೊಟ್ಟಿಲ್ಲ ಅಂದುಕೊಳ್ಳುತ್ತಾರೆ. ಮದುವೆಯಾಯಿತು. ಇನ್ನು ಬರೆಯುವಾಗ ಬಹುವಚನ ಇಟ್ಟುಕೋ.

ಕಂಪನಿಯವರು ಬಂದದ್ದು ನಿಜ. ಹೇಳಿದ ಬೆಲೆ ನ್ಯಾಯವಾಗಿದೆ. ಕೆಲಸದವರನ್ನೂ ಇಟ್ಟುಕೊಳ್ಳುತ್ತಾರಂತೆ. ಏಪ್ರಿಲ್ ಮುಗಿಯುವುದರೊಳಗೆ ಉತ್ತರ ಕೊಡಬೇಕು. ನಿನ್ನಮ್ಮ ಕೊಟ್ಟುಬಿಡಿ ಅನ್ನುತ್ತಾಳೆ. ನಮಗೆ ಬೇಕಾದ್ದೆಲ್ಲ ಆಗಿದೆ, ಅದು ನನಗೂ ಕಾಣುತ್ತದೆ. ಆದರೆ ಹೊಟ್ಟೆ ತುಂಬಿತು ಅಂತ ಅನ್ನಿಸಬೇಕಲ್ಲ, ಅದು ಅನ್ನಿಸುತ್ತಿಲ್ಲ. ಬೆಳಗ್ಗೆ ಷೆಡ್ಡಿನ ಬೀಗ ತೆಗೆದು, ಹಿಂದಿನ ದಿನದ ಒಂದು ಬ್ರಷ್ಷನ್ನು ಅಂಗೈಗೆ ಒತ್ತಿ, ಅದರ ಕೂದಲು ಅರಳಿ ಮತ್ತೆ ಮುಚ್ಚಿಕೊಳ್ಳುವುದನ್ನು ನೋಡದಿದ್ದರೆ ನನಗೆ ಆ ದಿನ ಶುರುವೇ ಆಗುವುದಿಲ್ಲ.

ನಿಮ್ಮತ್ತೆಯವರಿಗೆ ನಿಲ್ಲಿಸುವ ಹೊತ್ತು ಬಂದಿತೆಂದು ಹೇಗೆ ಗೊತ್ತಾಯಿತು, ಕೇಳಿ ಬರೆ. ನಾನು ಕೇಳಿದೆ ಅನ್ನಬೇಡ.

ಅಪ್ಪ


ಮಾರ್ಚ್ 6

ಪೂಜ್ಯ ಅಪ್ಪನವರಿಗೆ,

ನೋಡಿದಿರಾ, ಹೇಗೆ ಕಲಿತೆ. ಇನ್ನು ನನ್ನ ಕಾಗದವನ್ನು ಊರ ಚೌಕದಲ್ಲಿ ಅಂಟಿಸಿದರೂ ನಿಮ್ಮ ಮರ್ಯಾದೆಗೆ ಕುಂದಿಲ್ಲ. ಶಾಲೆಯಲ್ಲಿ ನಮಗೆ ಕನ್ನಡ ಶುಕ್ರವಾರದ ಕೊನೆಯ ಪೀರಿಯಡ್ಡು, ಆಟದ ಬಯಲಿನಿಂದ ಬಂದು ಅರ್ಧ ಕ್ಲಾಸು ಡೆಸ್ಕಿನ ಮೇಲೆ ನಿದ್ದೆ. ಅದರಲ್ಲಿ ನೆನಪಿರುವುದು ಪತ್ರಲೇಖನ ಒಂದೇ: ಹಿರಿಯರಿಗೆ ಬರೆಯುವಾಗ ಎಲ್ಲಕ್ಕೂ ಗೌರವ ಹಚ್ಚಬೇಕು. ನಮ್ಮ ಮನೆಯ ಬೆಕ್ಕಿನವರೂ ಕ್ಷೇಮ. ಈಗ ತಾನೇ ಹಾಲು ಕುಡಿದು ಮಲಗಿದ್ದಾರೆ.

ಪತ್ತೇದಾರಿ ಕೆಲಸ ಶುರು ಮಾಡಿದ್ದೇನೆ. ಮೊದಲು ಇವರನ್ನು ಕೇಳಿದೆ.

"ಅಮ್ಮನಿಗೆ ಬೋರ್ ಆಗಿರಬೇಕು," ಅಂದರು.

"ನಿಮಗೆ ಬೋರ್ ಆದರೆ ಶಾಲೆ ಬಿಡ್ತೀರಾ?"

"ನನಗೆ ದಿನಾ ಬೋರ್ ಆಗುತ್ತೆ. ಸಂಬಳ ಬರುತ್ತಲ್ಲ."

ಇಂಥವರನ್ನು ಕಟ್ಟಿಕೊಂಡು ಸತ್ಯ ಶೋಧನೆ ಮಾಡುವುದು ಕಷ್ಟ. (ಆದರೆ ಎಷ್ಟು ಒಳ್ಳೆಯವರು ಗೊತ್ತಾ ಅಪ್ಪಾ. ನೀವು ಹೇಳಿದ ಅಯಸ್ಕಾಂತ ತಂದು, ನೆಲದ ಮೇಲೆ ಮಂಡಿಯೂರಿ, ಕೋಣೆಯ ಸೂಜಿಯನ್ನೆಲ್ಲ ಹೆಕ್ಕಿದರು. ನಾನು ಮಂಚದ ಮೇಲೆ ರಾಣಿಯಂತೆ ಕೂತು ದಾರಿ ತೋರಿಸಿದೆ.)

ಆಮೇಲೆ ಅಂಗಿ ಹೊಲಿಸುವ ನೆಪದಲ್ಲಿ ಅಂಗಡಿಗೇ ಹೋದೆ. ಕಟಿಂಗ್ ಅಕ್ಕ ಬಾಯಲ್ಲಿ ಎರಡು ಸೂಜಿ ಕಚ್ಚಿಕೊಂಡೇ ಮಾತಾಡುತ್ತಾರೆ. "ನಂಗೇನು ಗೊತ್ತಮ್ಮಾ. ಒಂದು ದಿನ ಮಧ್ಯಾಹ್ನ ಕರೆದು, ಇದನ್ನ ತಗೊಳ್ತೀಯಾ ಅಂದ್ರು. ಕತ್ತರಿ ತಗೋ ಅಂತಿದ್ದಾರೆ ಅಂದ್ಕೊಂಡು ಹೂಂ ಅಂದೆ. ಅಂಗಡಿನೇ ತಗೋ ಅಂತ ಆಮೇಲೆ ಗೊತ್ತಾಯ್ತು. ಇವತ್ತಿಗೂ ಒಂದೊಂದು ಸಲ ಕತ್ತರಿಯೊಂದೇ ಆಗಿದ್ರೆ ಚೆನ್ನಾಗಿತ್ತು ಅನ್ಸುತ್ತೆ."

ಕೊನೆಗೆ ಅತ್ತೆಯ ಜೊತೆ ಈಜುಕೊಳಕ್ಕೇ ಹೋದೆ. ಅವರು ಅಂಚಿನ ಕಂಬಿ ಹಿಡಿದು ಕಾಲು ಬಡಿಯುತ್ತಿದ್ದರು, ನಾನು ಮೆಟ್ಟಿಲ ಮೇಲೆ ಕೂತು ಕಾಲು ನೆನೆಸಿಕೊಂಡಿದ್ದೆ. ಮೂರು ಸಲ ಬೇರೆ ಬೇರೆ ದಾರಿಯಿಂದ ಕೇಳಿದೆ. ಮೊದಲನೇ ಸಲ ನೀರು ತಣ್ಣಗಿದೆ ಅಂದರು. ಎರಡನೇ ಸಲ ನನ್ನ ಅಂಗಿಯ ತೋಳು ವಾರೆಯಾಗಿದೆ ಅಂದರು. ಮೂರನೇ ಸಲ ಕೇಳಿದಾಗ, ಹುಟ್ಟಿದಾಗಿನಿಂದ ಮೊದಲ ಬಾರಿಗೆ, ತಲೆಯನ್ನು ನೀರಿನೊಳಗೆ ಹಾಕಿದರು.

ಆದರೂ ಬಿಡುವವಳಲ್ಲ ನಾನು.

ತಮ್ಮ ವಿಧೇಯ ಗಿರಗಿಟ್ಲೆ


ಮಾರ್ಚ್ 27

ಪೂಜ್ಯ ಅಪ್ಪನವರೇ,

ಸಿಕ್ಕಿತು, ಸಿಕ್ಕಿತು. ಓಡಿಬಂದು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ.

ಅತ್ತೆ ಬಟ್ಟೆ ಮಡಿಸುತ್ತಿದ್ದರು. ನಾನು ಮತ್ತೆ ಬಾಯಿ ತೆರೆದೆ. ಅವರು ಮಡಿಸುವುದನ್ನು ನಿಲ್ಲಿಸದೆಯೇ, "ಇಷ್ಟು ದಿನದಿಂದ ಕೇಳ್ತಿರೋದು ನೀನಲ್ಲ, ನಿಮ್ಮಪ್ಪ. ಅಲ್ವಾ?" ಅಂದರು. ನಾನು ನಿಮ್ಮ ಹೆಸರು ಹೇಳಲಿಲ್ಲ, ಆಣೆ. ಮುಖ ಕೆಂಪಗಾಗಿರಬಹುದು. ಆಮೇಲೆ ಅವರು ನಿಮಗೆ ಅಂತ ಒಂದು ಮಾತು ಹೇಳಿಕಳಿಸಿದರು. ಇನ್ನೇನೂ ಸೇರಿಸಬೇಡ, ಅವರಿಗೆ ಅರ್ಥವಾಗುತ್ತೆ ಅಂದರು. ಆದ್ದರಿಂದ ಇನ್ನೇನೂ ಸೇರಿಸದೆ ಬರೆಯುತ್ತಿದ್ದೇನೆ:

ಸಾಕಿ.

ನನಗೆ ಮೈ ಜುಮ್ಮೆಂದಿತು. ನಿಮಗೆ?

ಗಿರಗಿಟ್ಲೆ


ಏಪ್ರಿಲ್ 10

ಮಗಳಿಗೆ,

ನಿಮ್ಮತ್ತೆಯವರ ಮಾತು ಓದಿ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಹೋದೆ. ಊಟದ ಹೊತ್ತಿಗೆ ಇನ್ನೊಮ್ಮೆ ತೆಗೆದು ಓದಿದೆ.

ಬಿಟ್ಟುಬಿಡಿ ಅನ್ನುತ್ತಾರೆ ಅಂದುಕೊಂಡಿದ್ದೆ. ಸಾಕಿ ಅಂದಿದ್ದಾರೆ. ವ್ಯಾಪಾರ ಅಂದರೆ ಮಾರುವ ಸರಕಲ್ಲ, ಕೈಯಾರೆ ತುತ್ತಿಟ್ಟು ಸಾಕಬೇಕಾದ ಜೀವ ಅಂತ. ಬಿಟ್ಟುಬಂದವರಿಗೇ ಅದರ ಬೆಲೆ ಗೊತ್ತಿರುತ್ತದೆ. ಪಾಪ, ಒಳಗೊಳಗೇ ಎಷ್ಟು ಕೊರಗಿದ್ದಾರೋ. ಅವರಿಗೆ ನನ್ನ ನಮಸ್ಕಾರ ತಿಳಿಸು.

ಕಂಪನಿಯವರಿಗೆ ಆಗುವುದಿಲ್ಲ ಅಂತ ಹೇಳಿಕಳಿಸಿದೆ. ಷೆಡ್ಡಿನ ಹಿಂದಿನ ಖಾಲಿ ಜಾಗದಲ್ಲಿ ಇನ್ನೊಂದು ಷೆಡ್ಡು ಕಟ್ಟಿಸುತ್ತಿದ್ದೇನೆ. ನಾಳೆಯಿಂದ ಪಾಯ ತೋಡುತ್ತಾರೆ.

ಅಪ್ಪ

ಅಪ್ಪನ ಕಾಗದದಲ್ಲಿ ಜಾಗ ಉಳಿದಿತ್ತು, ಅದಕ್ಕೆ ಬರೆಯುತ್ತಿದ್ದೇನೆ. ಇವರು ಈಗ ಭಾನುವಾರವೂ ಹೋಗುತ್ತಾರೆ. ಇಷ್ಟು ವರ್ಷ ಕಾದೆ, ಈ ವರ್ಷ ಮನೆಯಲ್ಲಿ ಇರುತ್ತಾರೆ ಅಂದುಕೊಂಡಿದ್ದೆ. ನಿಮ್ಮತ್ತೆಯವರಿಗೆ ಈಜುವಾಗ ತಲೆಗೇನಾದರೂ ನೀರು ಹೋಯಿತಾ, ನಯವಾಗಿ ಕೇಳು. — ಅಮ್ಮ


ಏಪ್ರಿಲ್ 17

ಅಪ್ಪಾ,

ಪಾಯ ತೋಡುವುದನ್ನು ನಿಲ್ಲಿಸಿ. ಫೋನಿನಲ್ಲಿ ಹೇಳಿದರೆ "ಹೂಂ" ಅಂದುಬಿಡುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ. ದಯವಿಟ್ಟು ಮೊದಲು ಇದನ್ನು ಓದಿ, ಆಮೇಲೆ ನನ್ನನ್ನು ಏನು ಬೇಕಾದರೂ ಅನ್ನಿ.

ನಿಮ್ಮ ಕಾಗದವನ್ನು ಹೆಮ್ಮೆಯಿಂದ ಊಟದ ಮೇಜಿನಲ್ಲಿ ಎಲ್ಲರಿಗೂ ಕೇಳುವಂತೆ ಓದಿದೆ. ಅತ್ತೆಯ ಕೈ ಲೋಟದ ಮೇಲೆ ನಿಂತುಹೋಯಿತು.

"ಸಾಕಿ ಅಂತ ಯಾರಂದ್ರು?"

"ನೀವೇ ಅತ್ತೆ."

"ನಾನು ಸಾಕು ಅಂದೆ."

"ಅದೇ. ಅಪ್ಪನಿಗೆ ಬರೆಯುವಾಗ ಸಾಕು ಅಂತ ಹೇಗೆ ಬರೀಲಿ? ಕೂರು ಅನ್ನೋದು ಕೂರಿ ಆಗುತ್ತೆ, ಹೇಳು ಅನ್ನೋದು ಹೇಳಿ ಆಗುತ್ತೆ, ಹಾಗೇ…"

ಇವರ ಬಾಯಲ್ಲಿದ್ದ ನೀರು ಅರ್ಧ ಮೇಜಿಗೆ, ಅರ್ಧ ನನ್ನ ತೋಳಿಗೆ.

"ನಾನು ಬಡಿಸೋಕೆ ಬಂದ್ರೆ ನೀನು ದಿನಾ ಸಾಕು ಅಂತೀಯಲ್ಲ," ಅತ್ತೆ ಕೇಳಿದರು, "ಯಾವತ್ತಾದ್ರೂ ಸಾಕಿ ಅಂದಿದ್ದೀಯಾ?"

"ಅದು ಮಾತು ಅತ್ತೆ. ಇದು ಕಾಗದ."

"ಹಾಗಾದ್ರೆ ಬೇಕು ಅನ್ನೋದಕ್ಕೆ ಏನು ಬರೀತೀಯ, ಬೇಕಿ ಅಂತಲಾ?" ಇದು ಇವರು. ಎರಡು ದಿನದಿಂದ ನನ್ನನ್ನು ಕಂಡಾಗಲೆಲ್ಲ "ಉಪ್ಪು ಬೇಕಿ, ನೀರು ಬೇಕಿ" ಅನ್ನುತ್ತಿದ್ದಾರೆ. ಇವರ ಜೊತೆ ಮಾತು ಬಿಟ್ಟಿದ್ದೇನೆ, ಊಟದ ಹೊತ್ತು ಮತ್ತು ವಾಕಿಂಗಿನ ಹೊತ್ತು ಬಿಟ್ಟು.

ಅತ್ತೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ನಿಲ್ಲಿಸಿ, "ಪಾಯ ತೋಡಿಸ್ತಿದ್ದಾರಾ?" ಅಂತ ಕೇಳಿದರು. ಹೌದು ಅಂದೆ. "ಕೂತ್ಕೋ. ಈಗ ಸರಿಯಾಗಿ ಕೇಳಿಸ್ಕೋ, ಹೇಳಿದ್ದನ್ನ ಹೇಳಿದ ಹಾಗೇ ಬರಿ. ಗೌರವ ಗೀರವ ಹಚ್ಚಬೇಡ."

ಅದಕ್ಕೇ ಅವರ ಮಾತನ್ನು ಹಾಗೇ ಇಳಿಸುತ್ತಿದ್ದೇನೆ.

"ಮೊದಮೊದಲು ಒಂದು ಶಾಲೆ ಆರ್ಡರ್ ಬಂದ್ರೆ ಮನೆಗೆ ಬರೋ ದಾರಿ ಉದ್ದಕ್ಕೂ ನಾನೊಬ್ಬಳೇ ನಗ್ತಾ ಬರ್ತಿದ್ದೆ. ಎದುರಿಗೆ ಬರೋರು ತಿರುಗಿ ನೋಡೋರು. ಅದು ಯಾವಾಗ ನಿಂತುಹೋಯ್ತೋ ಗೊತ್ತಿಲ್ಲ. ಬಂದ್ರೆ ಖುಷಿ ಇಲ್ಲ, ಬರದೇ ಹೋದ್ರೆ ಮಾತ್ರ ಭಯ. ಹಾಗೇ ನಡೀತಿತ್ತು. ಕೊನೆಗೆ ಊರಿನ ದೊಡ್ಡ ಶಾಲೆಯವರು ಬಂದ್ರು. ಅವರಿಗೋಸ್ಕರ ಎಷ್ಟು ವರ್ಷ ಕಾದಿದ್ದೆ. ಬಂದಾಗ ನಂಗೆ ಅನ್ಸಿದ್ದು ಒಂದೇ, ಇಷ್ಟು ಬಟ್ಟೆ ಥಾನನ್ನ ಎಲ್ಲಿ ಇಡೋದು ಅಂತ. ಅವತ್ತು ಗೊತ್ತಾಯ್ತು."

"ಅವತ್ತೇ ಬಿಟ್ರಾ?"

"ಎಲ್ಲಿ ಬಿಟ್ಟೆ. ಗೊತ್ತಾಗೋದು ಬೇರೆ, ಬಿಡೋದು ಬೇರೆ. ಆಮೇಲೂ ಎರಡು ವರ್ಷ ಮಾಡಿದೆ."

ನನಗೆ ಅನುಮಾನ ಉಳಿದಿತ್ತು. "ಸಾಕಾಯ್ತು ಅಂದ್ರೆ ಸುಸ್ತಾಯ್ತು ಅಂತಲಾ ಅತ್ತೆ, ಇಲ್ಲಾ ಬೇಕಾದಷ್ಟು ಸಿಕ್ಕಿತು ಅಂತಲಾ?"

"ಎರಡಕ್ಕೂ ಒಂದೇ ಮಾತು ಇಟ್ಟಿದ್ದಾರಲ್ಲ. ನಂಗೂ ಬಿಡಿಸೋಕೆ ಬರಲಿಲ್ಲ."

ಕೊರಗು ಇತ್ತಾ ಅಂತಲೂ ಕೇಳಿದೆ, ನೀವು ಹಾಗೆ ಬರೆದಿದ್ದಿರಿ ಅಂತ. ಇತ್ತಂತೆ. ಮಾರಿದ ಮೇಲೆ ಏನೋ ಮರೆತವರ ಹಾಗೆ ದಿನವೂ ಅಂಗಡಿಗೆ ಹೋಗುತ್ತಿದ್ದರಂತೆ, ಒಂದು ದಿನ ಛತ್ರಿ, ಒಂದು ದಿನ ಕನ್ನಡಕದ ಡಬ್ಬಿ. ಕಟಿಂಗ್ ಅಕ್ಕ ಬಾಗಿಲ ಹತ್ತಿರ ಒಂದು ಸ್ಟೂಲ್ ಹಾಕಿ ಕೂರಿಸುತ್ತಿದ್ದರಂತೆ. ಒಂದು ದಿನ ಹೊಸದಾಗಿ ಸೇರಿದ ಹೆಂಗಸೊಬ್ಬಳು ಅತ್ತೆಯನ್ನು ಗಿರಾಕಿ ಅಂದುಕೊಂಡು, "ಎದ್ದು ನಿಂತ್ಕೊಳ್ಳಿ ಅಮ್ಮಾ, ಅಳತೆ ತಗೋತೀನಿ" ಅಂದಳಂತೆ.

"ಏನಂದ್ರಿ?"

"ಏನನ್ನಲಿ. ಎದ್ದು ನಿಂತೆ. ಊರವರ ಅಳತೆಯನ್ನೆಲ್ಲ ನಾನು ತಗೊಂಡಿದ್ದೆ. ನನ್ನ ಅಳತೆ ಅದುವರೆಗೂ ಯಾರೂ ತಗೊಂಡಿರಲಿಲ್ಲ. ಎರಡು ಕೈ ಎತ್ತಿ ನಿಂತ್ಕೊಂಡಾಗ ಅಳು ಬಂದುಬಿಡ್ತು, ನಗೂನೂ ಬಂತು. ಅವಳು ಪಾಪ ಹೆದರಿ ಟೇಪು ಬಿಟ್ಟಳು. ಒಂದು ಅಂಗಿ ಹೊಲಿಸ್ಕೊಂಡು ಬಂದೆ. ತೋಳು ಸ್ವಲ್ಪ ಉದ್ದ ಮಾಡಿದ್ದಾಳೆ. ಹಾಗೇ ಹಾಕ್ಕೊಳ್ತೀನಿ."

ಇಷ್ಟೇ ಅಪ್ಪಾ. ಮಾರಿಬಿಡಿ ಅಂತ ನಾನು ಹೇಳುತ್ತಿಲ್ಲ. ಬ್ರಷ್ಷು ನಿಮ್ಮದು, ಅಂಗೈ ನಿಮ್ಮದು. ನನ್ನ ಕಾಗುಣಿತ ನಂಬಿ ಷೆಡ್ಡು ಕಟ್ಟಬೇಡಿ ಅಂತ ಅಷ್ಟೇ.

ಗಿರಗಿಟ್ಲೆ


ಮೇ 11

ಅಪ್ಪಾ,

ನಿಮ್ಮ ಉತ್ತರ ಬಂದಿಲ್ಲ. ಏಪ್ರಿಲ್ ಮುಗಿದೂ ಆಯಿತು. ನಿನ್ನೆ ಫೋನ್ ಮಾಡಿದಾಗ ಕಾಗದ ಸಿಕ್ಕಿತಾ ಅಂದೆ, "ಹೂಂ" ಅಂದಿರಿ. ಕೋಪವಾ ಅಂದೆ, ಅದಕ್ಕೂ "ಹೂಂ" ಅಂದಿರಿ. ಅದು ಹೌದು ಅಂತಲೋ, ಫೋನಿನ "ಹೂಂ" ಅಷ್ಟೇನೋ, ಇಡೀ ದಿನ ಯೋಚಿಸಿದೆ. ಅಮ್ಮನನ್ನು ಕೇಳಿದರೆ, "ಕಲ್ಲು ಬಂದು ಬಿದ್ದಿದೆ, ಸಿಮೆಂಟು ಇನ್ನೂ ತರಿಸಿಲ್ಲ" ಅಂತ ಮಾತ್ರ ಹೇಳುತ್ತಾಳೆ, ಹವಾಮಾನದ ವರದಿಯ ಹಾಗೆ.

ಇವರು ನನಗೆ ಕನ್ನಡ ವ್ಯಾಕರಣದ ಪುಸ್ತಕ ತಂದುಕೊಟ್ಟಿದ್ದಾರೆ, ಐದನೇ ತರಗತಿಯದು. ಮೊದಲನೇ ಪಾಠ ಓದಿದೆ. ಚೆನ್ನಾಗಿದೆ.

ಗಿರಗಿಟ್ಲೆ


ಮೇ 24

ಮಗಳಿಗೆ,

ನಿನ್ನ ದೊಡ್ಡ ಕಾಗದ ಬಂದ ದಿನವೇ ಪಾಯದ ಕಲ್ಲೂ ಬಂತು. ಕಾಗದ ಓದಿದೆ, ಕಲ್ಲು ಇಳಿಸಿಕೊಂಡೆ. ಕೋಪ ಬಂದದ್ದು ನಿಜ. ನಿನ್ನ ಮೇಲೆ ಬಂದದ್ದಕ್ಕಿಂತ ಹೆಚ್ಚು ನಿನ್ನ ಶಾಲೆಯ ಮೇಲೆ. ಆ ಶಾಲೆಗೆ ಸೇರಿಸಿದವನು ನಾನೇ, ಬಹುವಚನ ಹಾಕು ಅಂದವನೂ ನಾನೇ, ಹಾಗಾಗಿ ಕೋಪ ಹೆಚ್ಚು ದಿನ ನಿಲ್ಲಲಿಲ್ಲ. ಇನ್ನೊಂದು ವಿಷಯವೂ ತಿಳಿಯಿತು. ನೀನು ಸರಿಯಾಗಿ ಸಾಕು ಅಂತಲೇ ಬರೆದಿದ್ದರೆ, ಬಟ್ಟೆ ಹೊಲಿಸುವವರಿಗೆ ಬ್ರಷ್ಷಿನ ವಿಷಯ ಏನು ಗೊತ್ತು ಅಂದು ಅದನ್ನು ಪಕ್ಕಕ್ಕಿಡುತ್ತಿದ್ದೆ. ನನಗೆ ಬೇಕಾದ್ದು ಕಣ್ಣಿಗೆ ಬಿತ್ತು, ನಂಬಿದೆ.

ಈ ತಿಂಗಳು ಹಡಗು ಕಟ್ಟುವವರಿಂದ ಆರ್ಡರ್ ಬಂತು. ನಮ್ಮ ಷೆಡ್ಡು ಇದುವರೆಗೆ ಕಂಡದ್ದರಲ್ಲಿ ಅದೇ ದೊಡ್ಡದು. ಬೇಕೆಂದೇ ಒಂದು ಪರೀಕ್ಷೆ ಮಾಡಿದೆ. ಆರ್ಡರಿನ ಕಾಗದ ಕೈಯಲ್ಲಿ ಹಿಡಿದು ಷೆಡ್ಡಿನಿಂದ ಮನೆಯವರೆಗೆ ನಡೆದೆ, ನಗು ಬರುತ್ತದೋ ನೋಡೋಣ ಅಂತ. ಬರಲಿಲ್ಲ. ತಡವಾಗಿ ಬರಬಹುದೇನೋ ಅಂತ ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತೆ. ನಿನ್ನಮ್ಮ ಕಿಟಕಿಯಿಂದ ನೋಡಿ, "ಏನು ಮರೆತು ಬಂದ್ರಿ?" ಅಂತ ಕೇಳಿದಳು.

ಮಾರನೆಯ ದಿನ ಕಂಪನಿಗೆ ಹೋದೆ. ಗಡುವು ದಾಟಿದೆ, ಮೊದಲು ಹೇಳಿದ ಬೆಲೆ ಈಗ ಇಲ್ಲ ಅಂದರು. ಎದುರಿಗೆ ಕೂತಿದ್ದವನಿಗೆ ನಿನ್ನಷ್ಟೇ ವಯಸ್ಸು. ಒಂದು ಹಾಳೆಯಲ್ಲಿ ಹೊಸ ಬೆಲೆ ಬರೆದು ನನ್ನ ಕಡೆ ತಿರುಗಿಸಿ, "ಇಷ್ಟು ಸಾಕಾ ಸಾರ್?" ಅಂದ. ನನ್ನ ಕೈ ತಾನಾಗಿಯೇ ಪೆನ್ನಿನ ಹತ್ತಿರ ಹೋಯಿತು. ಚೌಕಾಸಿ ಮಾಡದೆ ನಾನು ಯಾವ ಕುರ್ಚಿಯಿಂದಲೂ ಎದ್ದವನಲ್ಲ. ಪೆನ್ನು ಹಿಡಿದುಕೊಂಡು ಕೂತೆ. ಹೆಚ್ಚಿಗೆ ಕೇಳಿದರೆ ಕೊಡುತ್ತಿದ್ದ, ಮುಖ ನೋಡಿದರೆ ತಿಳಿಯುತ್ತಿತ್ತು. ತೆಗೆದುಕೊಂಡು ಎಲ್ಲಿ ಇಡಲಿ ಅನ್ನಿಸಿತು. ಸಾಕು ಅಂದೆ. ಅವನಿಗೆ ನಂಬಿಕೆ ಬರಲಿಲ್ಲ, ಇನ್ನೊಂದು ಸಲ ಕೇಳಿದ. ಇನ್ನೊಂದು ಸಲ ಹೇಳಿದೆ. ಎರಡನೇ ಸಲ ಸುಲಭವಾಗಿತ್ತು.

ಕೆಲಸದವರೆಲ್ಲ ಇರುತ್ತಾರೆ, ಅದನ್ನು ಮಾತ್ರ ಬರೆಸಿಕೊಂಡೆ. ಪಾಯದ ಗುಂಡಿ ಹಾಗೇ ಇದೆ. ಅದರಲ್ಲಿ ಏನು ಎಬ್ಬಿಸಬೇಕೋ ಇನ್ನು ಅವರ ಯೋಚನೆ.

ಜೂನ್ ಹದಿನೈದು, ಸೋಮವಾರ ಸಂಜೆ ಬೀಗದಕೈ ಕೊಡಬೇಕು. ಅಲ್ಲಿಯವರೆಗೆ ಏನು ಮಾಡಬೇಕೆಂದು ಗೊತ್ತಿದೆ. ಮಂಗಳವಾರ ಬೆಳಗ್ಗೆ ಏಳು ಗಂಟೆಗೆ ಏನು ಮಾಡಬೇಕೆಂದು ಗೊತ್ತಿಲ್ಲ. ನಿನ್ನಮ್ಮ, "ಮಲಗಿ" ಅನ್ನುತ್ತಾಳೆ. ನಿದ್ದೆ ಬರುವುದಿಲ್ಲ ಅಂತ ಅವಳಿಗೂ ಗೊತ್ತು. ಆ ಹೊತ್ತು ನೆನೆಸಿಕೊಂಡರೆ ನನಗೆ ಹೆದರಿಕೆಯಾಗುತ್ತದೆ. ಇದನ್ನು ಅವಳಿಗೆ ಹೇಳಿಲ್ಲ.

ನಿಮ್ಮತ್ತೆಯವರನ್ನು ಕೇಳಿ ಬರೆ. ಈ ಸಲ ನಾನೇ ಕೇಳಿದೆ ಅನ್ನು.

ಮತ್ತೆ, ಇನ್ನು ಮೇಲೆ ನನಗೆ ಏಕವಚನದಲ್ಲೇ ಬರೆ. ಬಹುವಚನ ನಮ್ಮಿಬ್ಬರಿಗೂ ಆಗಿಬರಲಿಲ್ಲ.

ಅಪ್ಪ


ಜೂನ್ 3

ಅಪ್ಪಾ,

ನೀನು ಸಾಕು ಅಂದೆ. ನೀನು, ನಮ್ಮಪ್ಪ, ತರಕಾರಿಯವಳು ತಾನಾಗಿಯೇ ಕಡಿಮೆ ಹೇಳಿದರೂ ಇನ್ನೊಂದು ಸಲ ಕೇಳುವವನು. ನಾನು ಆ ಸಾಲನ್ನು ಓದಿ, ಇವರಿಗೆ ಓದಿ ಹೇಳಿ, ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದು, ಆಮೇಲೆ ಯಾಕೋ ಬಾಗಿಲ ಹಿಂದೆ ನಿಂತು ಅತ್ತೆ. ಅತ್ತೆ ಅಂದರೆ ನಾನು ಅತ್ತದ್ದು. ಅತ್ತೆ ಅಳಲಿಲ್ಲ. ವ್ಯಾಕರಣದ ಪುಸ್ತಕದಲ್ಲಿ ಇಂಥದ್ದಕ್ಕೆ ಏನೂ ಪರಿಹಾರ ಹೇಳಿಲ್ಲ.

ಅತ್ತೆಗೆ ನಿನ್ನ ಕಾಗದವನ್ನು ಪೂರ್ತಿ ಓದಿದೆ, ಹೆದರಿಕೆ ಅಂತ ಬರೆದದ್ದನ್ನೂ. ತಪ್ಪಾಗಿದ್ದರೆ ಬೈಯಿ. ಅವರು ನಗಲಿಲ್ಲ, ಪಾಪ ಅನ್ನಲಿಲ್ಲ. ಆ ಗೇಟಿನ ಹತ್ತಿರ ನಿಂತ ಭಾಗವನ್ನು ಇನ್ನೊಂದು ಸಲ ಓದು ಅಂದರು. ಓದಿದೆ. ಉತ್ತರ ಏನು ಬರೆಯಲಿ ಅತ್ತೆ ಅಂತ ಪೆನ್ನು ಹಿಡಿದು ಕೂತರೆ, "ನಿನ್ನ ಕೈಲಿ ಮತ್ತೆ ಬರೆಸೋಕೆ ನಂಗೇನು ತಲೆ ಕೆಟ್ಟಿದೆಯಾ? ನಾನೇ ಬಂದು ಹೇಳ್ತೀನಿ" ಅಂದರು.

ಏನು ಹೇಳುತ್ತಾರೋ ನನಗೂ ಗೊತ್ತಿಲ್ಲ. ನಿನ್ನೆಯಿಂದ ಐದಾರು ಸಲ ಕೆದಕಿದೆ. ಒಂದು ಸಲ ನೀರು ತಣ್ಣಗಿದೆ ಅಂದರು, ನಾವು ಅಡುಗೆಮನೆಯಲ್ಲಿದ್ದೆವು.

ಇವರು ಶಾಲೆಗೆ ರಜೆ ಹಾಕಿದ್ದಾರೆ, ಮೂವರೂ ಬರುತ್ತಿದ್ದೇವೆ. ನಾನು ಭಾನುವಾರವೇ ಬಂದು ನೀನು ಬೀಗದಕೈ ಕೊಡುವಾಗ ಪಕ್ಕದಲ್ಲಿ ನಿಲ್ಲುತ್ತೇನೆ ಅಂದೆ. ಅತ್ತೆ ಬೇಡ ಅಂದರು. "ಅದನ್ನ ಅವರೇ ಕೊಡಲಿ, ಜನ ಸೇರಿದ್ರೆ ಕೊಡೋದು ಇನ್ನೂ ಕಷ್ಟ. ನಾವು ಮಾರನೇ ದಿನಕ್ಕೆ ಹೋಗೋಣ." ಟಿಕೆಟಿಗೆ ಅವರೇ ಸ್ಟೇಷನ್ನಿಗೆ ಹೋದರು. ಸಂಜೆ ಆರಾಮಾಗಿ ಬಂದು ಇಳಿಯುವ ಎಕ್ಸ್‌ಪ್ರೆಸ್ಸು ಖಾಲಿ ಇತ್ತಂತೆ. ಅದನ್ನು ಬಿಟ್ಟು, ಎಲ್ಲ ಸ್ಟೇಷನ್ನಿನಲ್ಲೂ ನಿಂತು ಬೆಳಗ್ಗೆ ಬರುವ ರೈಲಿಗೆ ತೆಗೆಸಿದ್ದಾರೆ. ಇವರು ಗೊಣಗಿದರು, "ರಾತ್ರಿಯೆಲ್ಲಾ ಬೆನ್ನು ಮುರೀಬೇಕಾ ಅಮ್ಮಾ?" ಅತ್ತೆ ಕೇಳಿಸದವರ ಹಾಗೆ ನನ್ನ ಕಡೆ ತಿರುಗಿ, "ಬೀಗರೇ ಸ್ಟೇಷನ್ನಿಗೆ ಬರಬೇಕು, ಬೇರೆ ಯಾರನ್ನೂ ಕಳಿಸೋ ಹಾಗಿಲ್ಲ ಅಂತ ಬರಿ. ಹೊತ್ತಿಗೆ ಸರಿಯಾಗಿ ಪ್ಲಾಟ್‌ಫಾರ್ಮಿನ ಮೇಲೆ ಇರಬೇಕು ಅಂತಲೂ ಬರಿ. ಕಾಗುಣಿತ ನೋಡ್ಕೊಂಡು ಬರಿ" ಅಂದರು.

ನೋಡಿಕೊಂಡೇ ಬರೆಯುತ್ತಿದ್ದೇನೆ ಅಪ್ಪಾ. ಜೂನ್ ಹದಿನಾರು, ಮಂಗಳವಾರ, ಬೆಳಗ್ಗೆ ಏಳು ಗಂಟೆಯ ಪ್ಯಾಸೆಂಜರ್.

ನಿನ್ನ ಗಿರಗಿಟ್ಲೆ